ಹೆಪ್ಪಿನೊಳಗಿನ ಸಂಸಾರ

ಚಳಿಗಾಲದಲ್ಲಿ ದಿಲ್ಲಿಯ ಕನ್ನಡಿಗರು ಇಬ್ಬರು ಸೇರಿದರೆ ಮಾತು ಅರ್ಧ ಮೊಸರಿನದು, ಉಳಿದರ್ಧ ಇಡ್ಲಿ ಹಿಟ್ಟಿನದು ಎಂದರೆ ಅತಿಶಯೋಕ್ತಿಯಾಗಲಾರದು. "ನಿಮ್ಮಲ್ಲಿ ಮೊಸರು ಹೆಪ್ಪುಗಟ್ಟಿತೇನ್ರೀ?" "ಎಲ್ಲಿ ಬಂತು, ಹಾಲು ಹಾಲಾಗಿಯೇ ಕೂತಿದೆ!" ಡಿಸೆಂಬರ್ ಬಂತೆಂದರೆ ಹಿಟ್ಟಿನ ಪಾತ್ರೆಗೆ ಮಕ್ಕಳ ಹಳೆಯ ಸ್ವೆಟರು, ಮೊಸರಿನ ಪಾತ್ರೆಗೆ ಗೋಧಿ ಹಿಟ್ಟಿನ ಡಬ್ಬಿಯೊಳಗೆ ವಾಸ. ಮುಂಬಯಿ, ಚೆನ್ನೈಗಳ ವಾಚಕರಿಗೆ ಈ ಕಷ್ಟ ತಿಳಿಯದು. ಅವರದು ಹುಳಿ ಹೆಚ್ಚಾಗುವ ಕಷ್ಟ.

ಸ್ವೆಟರು ತೊಡಿಸುವುದು ಪಾತ್ರೆಗಲ್ಲ, ಒಳಗಿರುವ ಸಂಸಾರಕ್ಕೆ. ಒಂದು ಚಮಚ ಹೆಪ್ಪಿನಲ್ಲಿ ಕಣ್ಣಿಗೆ ಕಾಣದ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಇರುತ್ತವೆ. ಹಾಲಿನಲ್ಲಿರುವ ಸಕ್ಕರೆಯನ್ನು ತಿಂದು ಅವು ಲ್ಯಾಕ್ಟಿಕ್ ಆಮ್ಲವನ್ನು ಹೊರಬಿಡುತ್ತವೆ. ಆ ಹುಳಿಗೆ ಹಾಲಿನ ಪ್ರೋಟೀನು ಒಡೆದು ಗಟ್ಟಿಯಾಗುತ್ತದೆ, ಅದೇ ಮೊಸರು. ಇವಕ್ಕೆ ಉಗುರು ಬೆಚ್ಚಗಿನ ಹಾಲು ಬೇಕು. ಕುದಿಯುವ ಹಾಲಿಗೆ ಹೆಪ್ಪು ಹಾಕಿದರೆ ಸಾಯುತ್ತವೆ, ಚಳಿಯಲ್ಲಿ ನಮ್ಮಂತೆಯೇ ಸೋಮಾರಿಗಳಾಗುತ್ತವೆ. ಹೆಪ್ಪೇ ಇಲ್ಲದ ಹೊತ್ತಿನಲ್ಲಿ ಹಿರಿಯರು ಒಣಮೆಣಸಿನಕಾಯಿಯ ತೊಟ್ಟನ್ನು ಹಾಲಿಗೆ ಹಾಕುತ್ತಿದ್ದುದನ್ನು ಕೆಲವರು ಬಲ್ಲಿರಿ. ತೊಟ್ಟಿಗೆ ಅಂಟಿಕೊಂಡಿರುವ ಇಂಥ ಜೀವಿಗಳೇ ಆಗ ಕೆಲಸಕ್ಕೆ ಇಳಿಯುತ್ತಿದ್ದುದು.

ಇಡ್ಲಿಯ ಕಥೆಯೂ ಇದೇ. ಅಕ್ಕಿ, ಉದ್ದುಗಳ ಜೊತೆಗೇ ಬರುವ ಲ್ಯೂಕೋನಾಸ್ಟಾಕ್ ಎಂಬ ಜಾತಿ ಹುಳಿಯನ್ನೂ ಗಾಳಿಯನ್ನೂ ಉಂಟುಮಾಡಿ ಹಿಟ್ಟನ್ನು ಉಬ್ಬಿಸುತ್ತದೆ. ಇದನ್ನು ಪರೀಕ್ಷಿಸಿ 1965ರಲ್ಲಿ ಪ್ರಕಟಿಸಿದ ಒಂದು ಪ್ರಸಿದ್ಧ ಸಂಶೋಧನೆ ನಡೆದದ್ದು ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ಕೃಷಿ ಪ್ರಯೋಗಶಾಲೆಯಲ್ಲಿ. ಅಲ್ಲಿಯವರಿಗೆ ಚಟ್ನಿ ದೊರಕಿತೋ ಇಲ್ಲವೋ!

ಈ ಜೀವಿಗಳನ್ನು ಮೊದಲು ಕಂಡವನು ಹಾಲೆಂಡಿನ ಡೆಲ್ಫ್ಟ್ ಊರಿನ ಲೇವನ್‌ಹುಕ್. ಬಟ್ಟೆ ವ್ಯಾಪಾರಿ; ಊರಿನ ಆಡಳಿತ ಕಚೇರಿಯಲ್ಲಿ ಒಂದು ಸಣ್ಣ ಹುದ್ದೆಯನ್ನೂ ಹೊಂದಿದ್ದ. ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. 1683ರಲ್ಲಿ ತನ್ನ ಹಲ್ಲಿನ ಕೊಳೆಯನ್ನು ಕೆರೆದು ತಾನೇ ಮಾಡಿದ ಮಸೂರದಡಿ ಇಟ್ಟು, ಅಲ್ಲಿ ಓಡಾಡುತ್ತಿದ್ದ ಜೀವಿಗಳನ್ನು ವರ್ಣಿಸಿ ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದ. ಕಚೇರಿಯ ಕೆಲಸದವರೂ ಜಗತ್ತಿಗೆ ಬೇಕಾದುದನ್ನು ಮಾಡಬಲ್ಲರು ಎಂಬುದಕ್ಕೆ ಫೈಲುಗಳ ನಡುವೆ ಕುಳಿತ ನಮಗೆ ಇದೊಂದು ಸಮಾಧಾನ.

ಊರ ಕಡೆ ರಾಗಿ ಹೊಲದ ನಡುವೆ ಅವರೆ, ತೊಗರಿಗಳ ಅಕ್ಕಡಿ ಸಾಲು ಇಡುವುದನ್ನು ನೋಡಿದ್ದೀರಷ್ಟೆ. ಅವರೆಯ ಬೇರನ್ನು ಕಿತ್ತು ನೋಡಿದರೆ ಸಣ್ಣ ಗಂಟುಗಳು ಕಾಣುತ್ತವೆ. ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕವಿದ್ದರೂ ಗಿಡ ಅದನ್ನು ನೇರವಾಗಿ ಉಣ್ಣಲಾರದು. ಗಂಟಿನೊಳಗಿನ ಬ್ಯಾಕ್ಟೀರಿಯಾಗಳೇ ಹಿಡಿದು ಗೊಬ್ಬರವಾಗಿ ಪಾಕ ಮಾಡಿ ಬಡಿಸಬೇಕು. ಪ್ರತಿಯಾಗಿ ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ. ಬಿದ್ದ ಎಲೆ, ಸತ್ತ ಪ್ರಾಣಿಗಳನ್ನು ಮಣ್ಣಿಗೆ ಮರಳಿಸುವುದರಲ್ಲೂ ದೊಡ್ಡ ಪಾಲು ಈ ಕುಲದ್ದೇ.

ಇನ್ನು ನಮ್ಮ ದೇಹ. ನಮ್ಮೊಳಗಿನ ಬ್ಯಾಕ್ಟೀರಿಯಾಗಳು ಸುಮಾರು 38 ಲಕ್ಷ ಕೋಟಿ ಎಂದು 2016ರಲ್ಲಿ ಲೆಕ್ಕ ಹಾಕಿದ್ದಾರೆ. ನಮ್ಮ ಸ್ವಂತ ಜೀವಕೋಶಗಳು ಸುಮಾರು 30 ಲಕ್ಷ ಕೋಟಿ. ಮನೆಯೊಡೆಯನಿಗಿಂತ ಬಾಡಿಗೆಯವರೇ ಹೆಚ್ಚು! ಆದರೆ ಇವರು ಬಾಡಿಗೆ ತಪ್ಪಿಸುವವರಲ್ಲ. ನಾವು ಅರಗಿಸಲಾರದ ನಾರನ್ನು ಅರಗಿಸುತ್ತಾರೆ, ಕೆ ಜೀವಸತ್ವ ತಯಾರಿಸುತ್ತಾರೆ, ಕೇಡಿಗರಿಗೆ ಕರುಳಿನಲ್ಲಿ ಜಾಗ ಬಿಡುವುದಿಲ್ಲ. 1908ರಲ್ಲಿ ನೊಬೆಲ್ ಪಡೆದ ರಷ್ಯದ ಮೆಚ್ನಿಕಾಫ್, ಮೊಸರಿನಿಂದ ಮುಪ್ಪನ್ನು ಮುಂದೂಡಬಹುದೆಂದು ನಂಬಿ ಹುಳಿಹಾಲು ಕುಡಿಯುತ್ತಿದ್ದ. 71ನೆಯ ವಯಸ್ಸಿಗೆ ತೀರಿಕೊಂಡ. ಮೊಸರಿನ ಜೀವಿಗಳು ಕರುಳಿನಲ್ಲಿ ನೆಲೆಸುವವಲ್ಲ, ಬಂದು ಹೋಗುವ ನೆಂಟರು.

ಕೇಡಿಗರೂ ಉಂಟು, ಕ್ಷಯರೋಗದ ಬ್ಯಾಕ್ಟೀರಿಯಾವನ್ನು ಕಾಖ್ ಎಂಬ ಜರ್ಮನ್ ವೈದ್ಯ 1882ರಲ್ಲಿ ಕಂಡುಹಿಡಿದ. ಅದರ ಚಿಕಿತ್ಸೆಗೆ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಮಲಗಲೇಬೇಕೆಂದು ಜಗತ್ತೆಲ್ಲ ನಂಬಿದ್ದಾಗ, ಅಂದಿನ ಮದರಾಸಿನಲ್ಲಿ 1956ರಲ್ಲಿ ಒಂದು ಪರೀಕ್ಷೆ ಆರಂಭವಾಯಿತು. ಕೆಲವರಿಗೆ ಸ್ಯಾನಿಟೋರಿಯಮ್ಮಿನಲ್ಲಿ, ಕೆಲವರಿಗೆ ಅವರವರ ಬಡ ಮನೆಗಳಲ್ಲಿಯೇ ಒಂದು ವರ್ಷ ಔಷಧ ಕೊಟ್ಟು ನೋಡಿದರು. ಫಲ ಎರಡೂ ಕಡೆ ಹೆಚ್ಚುಕಡಿಮೆ ಸಮನಾಗಿತ್ತು. ಮನೆಯಲ್ಲಿ ಉಳಿದವರಿಂದ ಮನೆಮಂದಿಗೆ ರೋಗ ಹೆಚ್ಚಾಗಿ ತಗುಲಲೂ ಇಲ್ಲ. 1959ರಲ್ಲಿ ಪ್ರಕಟವಾದ ಈ ಫಲಿತಾಂಶ ಎಷ್ಟೋ ದೇಶಗಳ ಪದ್ಧತಿಯನ್ನೇ ಬದಲಿಸಿತು. ಈಗ ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಔಷಧ ಸಾಕು. ಆದರೆ ಎರಡು ತಿಂಗಳಿಗೇ ಕೆಮ್ಮು ನಿಂತು ಮೈ ತುಂಬಿತೆಂದು ಬಿಟ್ಟರೆ, ಅಡಗಿ ಉಳಿದವು ಮತ್ತೆ ಏಳುತ್ತವೆ. ಮದ್ದಿಗೆ ಬಗ್ಗದ ಜಾತಿ ಹುಟ್ಟಿಕೊಳ್ಳುತ್ತದೆ.

ಊರು ಬಿಟ್ಟ ನಮ್ಮಂಥವರ ಸಂಸಾರಗಳಲ್ಲಿ ಮಗುವಿಗೆ ರಾತ್ರಿ ಜ್ವರ ಬಂದರೆ ಕೇಳಲು ಅಜ್ಜಿಯಿಲ್ಲ, ಬೆಳಿಗ್ಗೆ ರಜೆ ಸಿಗದು, ಆಸ್ಪತ್ರೆಯ ಸಾಲು ಉದ್ದ. ಮೂಲೆಯ ಔಷಧದಂಗಡಿಯವನೇ ಧನ್ವಂತರಿ. ನಮ್ಮ ಕಚೇರಿಯ ಮಿತ್ರರೊಬ್ಬರ ಮೇಜಿನ ಖಾನೆಯಲ್ಲಿ ಕಳೆದ ಜ್ವರದಲ್ಲಿ ಮಿಕ್ಕ ಆಂಟಿಬಯಾಟಿಕ್ ಮಾತ್ರೆಗಳು ಸದಾ ಉಂಟು. ನೆಗಡಿಯಾದವರಿಗೆಲ್ಲ ಎರಡೆರಡು ದಾನ. ನೆಗಡಿ ವೈರಸ್ಸಿನಿಂದ ಬರುವುದು, ಅದಕ್ಕೆ ಈ ಮಾತ್ರೆ ನಾಟುವುದೇ ಇಲ್ಲ. ಕರುಳಿನ ಉಪಕಾರಿಗಳು ಮಾತ್ರ ಸಾಯುತ್ತವೆ. ಬದುಕಿ ಉಳಿದ ಗಟ್ಟಿ ಜೀವಿಗಳು ಮದ್ದನ್ನು ಸೋಲಿಸುವ ವಿದ್ಯೆಯನ್ನು ಮಕ್ಕಳಿಗಷ್ಟೇ ಅಲ್ಲ, ಪಕ್ಕದ ಬೇರೆ ಜಾತಿಗೂ ಕಲಿಸಿಕೊಡಬಲ್ಲವು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗನೇ 1945ರ ನೊಬೆಲ್ ಭಾಷಣದಲ್ಲಿ, ಅರೆಬರೆ ಪ್ರಮಾಣದಲ್ಲಿ ನುಂಗುವವರಿಂದ ಈ ಅಪಾಯವಿದೆಯೆಂದು ಎಚ್ಚರಿಸಿದ್ದ.

ಇಂಥ ಮಾತ್ರೆಗಳ ಪಟ್ಟಿಯ ಮೇಲೆ ಉದ್ದಕ್ಕೂ ಒಂದು ಕೆಂಪು ಗೆರೆ ಇರುತ್ತದೆ. ವೈದ್ಯರ ಚೀಟಿಯಿಲ್ಲದೆ ಕೊಳ್ಳಬಾರದು ಎಂಬುದು ಅದರ ಅರ್ಥ. ಇದನ್ನು ಜನರಿಗೆ ತಿಳಿಸಲು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲಿ ಪ್ರಚಾರವನ್ನೇ ಕೈಗೊಂಡಿತ್ತು. ಎಷ್ಟು ದಿನ ನುಂಗಬೇಕೆಂಬುದನ್ನು ಚೀಟಿ ಬರೆದವರನ್ನೇ ಕೇಳಬೇಕು, ಅಂಗಡಿಯವನನ್ನಲ್ಲ. ಗೃಹಿಣಿಯರು ಈ ಸಂಚಿಕೆಯನ್ನು ಕೆಳಗಿಟ್ಟ ಮೇಲೆ ಮನೆಯ ಔಷಧದ ಡಬ್ಬಿಯನ್ನೊಮ್ಮೆ ತೆಗೆದು, ಕೆಂಪು ಗೆರೆಯ ಅರ್ಧ ಪಟ್ಟಿಗಳು ಎಷ್ಟಿವೆಯೆಂದು ಎಣಿಸಿ ನೋಡಬಹುದು.