ಹಳೆಯ ಕಾರಿನ ಜೀರ್ಣೋದ್ಧಾರ

ಹೊಸದುರ್ಗ ತಾಲ್ಲೂಕಿನ ಬಾಗೂರು ಚೆನ್ನಕೇಶವನ ಗುಡಿಗೆ ಹೆಸರಾದ ಊರು. ಹಳೆಯ ಗುಡಿಯ ಜೀರ್ಣೋದ್ಧಾರದ ಮಾತು ಯಾವ ಊರಿನಲ್ಲಿ ಬಂದರೂ ಎರಡು ಪಕ್ಷಗಳು ಹುಟ್ಟಿಕೊಳ್ಳುತ್ತವೆ. ಗೋಡೆಗೆ ಆಯಿಲ್ ಪೇಂಟ್ ಬಳಿದು, ನೆಲಕ್ಕೆ ಗ್ರಾನೈಟ್ ಹಾಸಿ ಹೊಸದರಂತೆ ಮಾಡೋಣ ಎನ್ನುವವರು ಒಂದು ಕಡೆ. ಸೋರುವುದನ್ನು ನಿಲ್ಲಿಸಿ, ಉಳಿದದ್ದನ್ನು ಮುಟ್ಟದೆ ಬಿಡೋಣ ಎನ್ನುವವರು ಇನ್ನೊಂದು ಕಡೆ. ಇದೇ ವಾದ ಗುಡಿಗೆ ಸಂಬಂಧವೇ ಇಲ್ಲದ ಮತ್ತೊಂದು ವಸ್ತುವಿನ ಬಗ್ಗೆಯೂ ಜಗತ್ತಿನಲ್ಲಿ ನಡೆಯುತ್ತಿದೆ. ಅದು ಹಳೆಯ ಐಷಾರಾಮಿ ಕಾರು.

ತೆಂಗು, ಅಡಿಕೆಯಲ್ಲಿ ನಾಲ್ಕು ಕಾಸು ಕಂಡವರಿಗೆ ಒಮ್ಮೊಮ್ಮೆ ಇಂಥ ಆಸೆ ಹುಟ್ಟುವುದುಂಟು. ಯಾರದೋ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತ ಹಳೆಯ ಮರ್ಸಿಡಿಸ್ ಕಾರೋ, ಕಾಂಟೆಸ್ಸಾವೋ ಕಣ್ಣಿಗೆ ಬೀಳುತ್ತದೆ. ‘ಸ್ವಲ್ಪ ಕೆಲಸ ಮಾಡಿಸಿದರೆ ಸಾಕು, ರಾಜನ ಹಾಗೆ ಓಡುತ್ತದೆ’ ಎಂದು ಮಾರುವವರು ಹೇಳುತ್ತಾರೆ. ಆ ‘ಸ್ವಲ್ಪ ಕೆಲಸ’ದಲ್ಲಿ ಎರಡು ವರ್ಷದ ಫಸಲಿನ ಹಣ ಕರಗಿ, ಕಾರು ಮಾತ್ರ ಶೆಡ್ಡಿನಲ್ಲೇ ಉಳಿಯಬಹುದು. ಹಾಗಾದರೆ ಕೊಳ್ಳುವುದೋ ಬಿಡುವುದೋ? ಉತ್ತರಕ್ಕೆ ಮೊದಲು ಈ ಕಾರುಗಳ ಚರಿತ್ರೆಯನ್ನು ಸ್ವಲ್ಪ ನೋಡಬೇಕು.

ಅರಮನೆಯಿಂದ ಗುಜರಿಗೆ

ಮೈಸೂರು ಅರಮನೆಯ ರೋಲ್ಸ್ ರಾಯ್ಸ್ ಮೋಹ ಪ್ರಸಿದ್ಧ. ಒಮ್ಮೆಗೇ ಏಳು ಕಾರು ಕೊಳ್ಳುತ್ತಿದ್ದ ಮಹಾರಾಜರಿಂದಾಗಿ, ಸಗಟಾಗಿ ಕೊಳ್ಳುವುದಕ್ಕೆ ಆ ಕಂಪೆನಿಯವರು ‘ಮೈಸೂರು ಮಾಡುವುದು’ ಎನ್ನುತ್ತಿದ್ದರೆಂಬ ಕಥೆಯೂ ಇದೆ. ಆ ಕಾಲದಲ್ಲಿ ರೋಲ್ಸ್ ರಾಯ್ಸ್ ಕಂಪೆನಿ ಎಂಜಿನ್ನು, ಚಾಸಿಗಳನ್ನಷ್ಟೇ ಮಾರುತ್ತಿತ್ತು. ಮೇಲಿನ ಬಾಡಿಯನ್ನು ಹೂಪರ್, ಬಾರ್ಕರ್‌ನಂಥ ಬೇರೆ ಕಂಪೆನಿಗಳು ಮರದ ಚೌಕಟ್ಟಿನ ಮೇಲೆ ತಗಡು ಹೊದಿಸಿ ಕಟ್ಟಿಕೊಡುತ್ತಿದ್ದವು. ರೋಲ್ಸ್ ರಾಯ್ಸ್ ತಾನೇ ಬಾಡಿ ಸಮೇತ ಮಾರಿದ ಮೊದಲ ಕಾರು 1946ರ ಬೆಂಟ್ಲಿ ಮಾರ್ಕ್ 6. ಹೀಗಾಗಿ ಯುದ್ಧಪೂರ್ವದ ಎರಡು ಕಾರುಗಳು ಒಂದೇ ತರಹ ಇರುವುದು ಅಪರೂಪ. ಬಾಗಿಲಿನ ಹಿಡಿಯೊಂದು ಕಳೆದುಹೋದರೆ ಅಂಗಡಿಯಲ್ಲಿ ಸಿಗುವುದಿಲ್ಲ, ಅಚ್ಚು ಮಾಡಿ ಎರಕ ಹೊಯ್ಯಬೇಕು.

ಸ್ವಾತಂತ್ರ್ಯಾನಂತರ ಆಮದು ನಿರ್ಬಂಧ, ಭಾರೀ ಸುಂಕಗಳಿಂದ ವಿದೇಶಿ ಕಾರು ಬರುವುದೇ ವಿರಳವಾಯಿತು. 1971ರಲ್ಲಿ ಸಂವಿಧಾನದ 26ನೇ ತಿದ್ದುಪಡಿ ರಾಜಧನವನ್ನು ರದ್ದುಮಾಡಿದ ಮೇಲೆ ದೇಶದ ಹಲವು ಅರಮನೆಗಳಿಗೆ ಗ್ಯಾರೇಜು ಹೊರೆಯಾಯಿತು. ಕಾರುಗಳು ಕೈಬದಲಾದವು, ಕೆಲವು ಸಂಗ್ರಾಹಕರ ಮನೆ ಸೇರಿದವು, ಕೆಲವು ಗುಜರಿಗೆ ಬಿದ್ದವು. ರಾಯಭಾರ ಕಚೇರಿಗಳವರು ಬಳಸಿ ಬಿಟ್ಟ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಹರಾಜು ಹಾಕುತ್ತಿದ್ದುದು ಇನ್ನೊಂದು ದಾರಿ. 1984ರಲ್ಲಿ ಹಿಂದೂಸ್ತಾನ್ ಮೋಟರ್ಸ್ ಕಾಂಟೆಸ್ಸಾ ತಂದಿತು. 1995ರಲ್ಲಿ ಪುಣೆಯಲ್ಲಿ ಮರ್ಸಿಡಿಸ್ ಜೋಡಣೆ ಶುರುವಾಯಿತು. ಇಂದು ಹಳ್ಳಿಯ ಶೆಡ್ಡಿನಲ್ಲಿ ಸಿಗಬಹುದಾದದ್ದು ಮಹಾರಾಜರ ಕಾರಲ್ಲ, ಬಹುಮಟ್ಟಿಗೆ ಈ ಕೊನೆಯ ಸಾಲಿನವು.

ಬಯಲುಸೀಮೆಯ ವರ

ಈ ವಿಷಯದಲ್ಲಿ ಚಿತ್ರದುರ್ಗ ಜಿಲ್ಲೆಗೆ ಒಂದು ಅನುಕೂಲವಿದೆ. ಕಾರಿನ ಪರಮಶತ್ರು ತುಕ್ಕು. ತುಕ್ಕಿಗೆ ಬೇಕಾದದ್ದು ತೇವ ಮತ್ತು ಉಪ್ಪು. ಮಂಗಳೂರಿನ ಕಡಲ ಗಾಳಿಯಲ್ಲಿ ನಿಂತ ತಗಡಿಗೂ ಮಳೆ ಕಡಿಮೆಯಿರುವ ಹೊಸದುರ್ಗದಲ್ಲಿ ನಿಂತ ತಗಡಿಗೂ ಅಜಗಜಾಂತರ. ಆದರೆ ವರದ ಜತೆ ಶಾಪವೂ ಇದೆ. ಒಣ ಬಿಸಿಲಿಗೆ ರಬ್ಬರು ಬಿರಿಯುತ್ತದೆ, ಸೀಟಿನ ಚರ್ಮ ಸೀಳುತ್ತದೆ. ಇಲಿ ವೈರುಗಳನ್ನು ಕಡಿಯುತ್ತದೆ. ಮರದ ಚೌಕಟ್ಟಿನ ಹಳೆಯ ಬಾಡಿಯಾದರೆ ಗೆದ್ದಲು ಹಿಡಿದು, ಮೇಲಿನ ತಗಡು ನೆಟ್ಟಗೆ ಕಂಡರೂ ಒಳಗೆ ಮಣ್ಣಷ್ಟೇ ಉಳಿದಿರಬಹುದು.

ಆದ್ದರಿಂದ ಪರೀಕ್ಷೆ ಎಂಜಿನ್ನಿನಿಂದಲ್ಲ, ಬಾಡಿಯಿಂದ ಶುರುವಾಗಬೇಕು. ಒಂದು ಸಣ್ಣ ಅಯಸ್ಕಾಂತಕ್ಕೆ ಬಟ್ಟೆ ಸುತ್ತಿ ಬಾಗಿಲ ಕೆಳಗೆ, ಚಕ್ರದ ಕಮಾನಿನ ಮೇಲೆ ಆಡಿಸಿ ನೋಡಿ. ಹಿಡಿಯದಿದ್ದರೆ ಅಲ್ಲಿ ತಗಡಿಲ್ಲ, ಪುಟ್ಟಿ ಇದೆ ಎಂದೇ ಲೆಕ್ಕ (ಅಲ್ಯೂಮಿನಿಯಂ ಬಾಡಿಗೆ ಈ ಪರೀಕ್ಷೆ ನಡೆಯದು). ಮ್ಯಾಟು ಎತ್ತಿ ನೆಲ ನೋಡಿ. ವರ್ಷಗಟ್ಟಲೆ ನಿಂತ ಎಂಜಿನ್ನಿಗೆ ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಲು ಮಾತ್ರ ಯಾರಿಗೂ ಬಿಡಬೇಡಿ. ಪ್ಲಗ್ ಬಿಚ್ಚಿ ಸಿಲಿಂಡರಿಗೆ ಎಣ್ಣೆ ಬಿಟ್ಟು, ಒಂದೆರಡು ದಿನ ಬಿಟ್ಟು, ಕೈಯಿಂದ ತಿರುಗಿಸಿ ನೋಡುವುದು ಕ್ರಮ. ಕೆಟ್ಟ ಎಂಜಿನ್ನನ್ನು ಲೇತಿನವರು ರಿಬೋರ್ ಮಾಡಿ ಉಳಿಸಬಲ್ಲರು. ಕರಗಿಹೋದ ಬಾಡಿಯನ್ನು ಉಳಿಸುವುದು ಅದಕ್ಕಿಂತ ಎಷ್ಟೋ ಪಟ್ಟು ದುಬಾರಿ.

ಅಗ್ಗದ ರೋಲ್ಸ್ ರಾಯ್ಸ್

ದೊಡ್ಡ ಕಾರನ್ನು ಅಗ್ಗಕ್ಕೆ ಕೊಂಡೆನೆಂದು ಹಿಗ್ಗುವವರಿಗೆ ರೋಲ್ಸ್ ರಾಯ್ಸ್ ಸಿಲ್ವರ್ ಶ್ಯಾಡೋ ಒಳ್ಳೆಯ ಪಾಠ. 1965ರಿಂದ 1980ರವರೆಗೆ 25,000ಕ್ಕೂ ಹೆಚ್ಚು ತಯಾರಾದ ಈ ಮಾದರಿ ಇಂಗ್ಲೆಂಡಿನ ಹಳೆಯ ಕಾರಿನ ಪೇಟೆಯಲ್ಲಿ ಬಹುಕಾಲ ಅಗ್ಗವಾಗಿಯೇ ಸಿಗುತ್ತಿತ್ತು. ಕಾರಣ ಸರಳ. ಇದರ ಬ್ರೇಕು ಮತ್ತು ಹಿಂಭಾಗದ ಎತ್ತರವನ್ನು ಸಮತೋಲದಲ್ಲಿಡುವ ವ್ಯವಸ್ಥೆ ಎರಡೂ ಸಿಟ್ರನ್ ಕಂಪೆನಿಯ ತಂತ್ರಜ್ಞಾನವನ್ನು ಆಧರಿಸಿದ, ಅಧಿಕ ಒತ್ತಡದ ದ್ರವದಿಂದ ನಡೆಯುವಂಥವು. ಅದು ಸೋರತೊಡಗಿದರೆ ರಿಪೇರಿಯ ಬಿಲ್ಲು ಕಾರಿನ ಬೆಲೆಯನ್ನೇ ಮೀರಬಲ್ಲದು. ಕಾರಿನ ಬೆಲೆ ಇಳಿಯುತ್ತದೆ, ಬಿಡಿಭಾಗದ ಬೆಲೆ ಇಳಿಯುವುದಿಲ್ಲ.

ಇದಕ್ಕೆ ವಿರುದ್ಧವಾದ ಉದಾಹರಣೆ 1976ರಿಂದ 1986ರವರೆಗೆ ಬಂದ ಮರ್ಸಿಡಿಸ್ ಡಬ್ಲ್ಯು 123. ಸುಮಾರು 27 ಲಕ್ಷ ತಯಾರಾದ ಈ ಮಾದರಿ ಹಲವು ದೇಶಗಳಲ್ಲಿ ಟ್ಯಾಕ್ಸಿಯಾಗಿ ದುಡಿದಿದೆ. ಸಂಖ್ಯೆ ಹೆಚ್ಚಿದ್ದುದರಿಂದಲೇ ಬಿಡಿಭಾಗಗಳು ಇನ್ನೂ ಸಿಗುತ್ತವೆ. ನಮ್ಮ ಕಾಂಟೆಸ್ಸಾ 2002ರಲ್ಲಿ ನಿಂತಿತು. ಅದರ ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿಗಳನ್ನು ಅಲೆಯಬೇಕು. ಎಂಜಿನ್ನಿನ ಭಾಗ ಹೇಗೋ ಹೊಂದಿಸಬಹುದು. ಗಾಜು, ದೀಪ, ಕ್ರೋಮ್ ಪಟ್ಟಿ ಕಳೆದಿದ್ದರೆ ಕಷ್ಟ. ಹೀಗಾಗಿ ಓಡುವ ಅರೆಬರೆ ಕಾರಿಗಿಂತ ಓಡದ ಪರಿಪೂರ್ಣ ಕಾರು ಮೇಲು.

ಪೆಟ್ರೋಲಿನ ವಿಚಾರವೂ ಇದೆ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರವರೆಗೆ ಎಥೆನಾಲ್ ಬೆರೆತ ಪೆಟ್ರೋಲು. ಎಥೆನಾಲ್ ನೀರು ಹೀರುತ್ತದೆ, ಹಳೆಯ ರಬ್ಬರು ಪೈಪುಗಳನ್ನು ಮೆತ್ತಗಾಗಿಸುತ್ತದೆ. ಆದ್ದರಿಂದ ಇಂಧನದ ಪೈಪು, ವಾಷರುಗಳನ್ನೆಲ್ಲ ಬದಲಿಸುವ ಖರ್ಚನ್ನು ಮೊದಲೇ ಸೇರಿಸಿಕೊಳ್ಳಬೇಕು.

ಕಾಗದ ನೋಡಿ ಕೈ ಹಾಕಿ

ಬಾಡಿ ಚೆನ್ನಾಗಿದ್ದು ಕಾಗದ ಇಲ್ಲದಿದ್ದರೆ ಕೊಂಡದ್ದು ಕಾರಲ್ಲ, ಕಬ್ಬಿಣ. ಎಂವೈ, ಎಂಇ, ಸಿಎ ಎಂದು ಆರಂಭವಾಗುವ ಹಳೆಯ ನಂಬರುಗಳ ದಾಖಲೆ ಆರ್‌ಟಿಓ ಕಚೇರಿಯಲ್ಲಿ ಉಳಿದಿದೆಯೇ ಎಂದು ಬಿ ಎಕ್ಸ್‌ಟ್ರಾಕ್ಟ್ ತೆಗೆಸಿ ನೋಡಬೇಕು. ಚಾಸಿ ನಂಬರು, ಎಂಜಿನ್ ನಂಬರುಗಳು ಆರ್‌ಸಿಗೆ ತಾಳೆಯಾಗಬೇಕು. ಆರ್‌ಸಿಯಲ್ಲಿ ಹೆಸರಿರುವ ಯಜಮಾನರು ತೀರಿಕೊಂಡಿದ್ದರೆ, ಮೊದಲು ವಾರಸುದಾರರ ಹೆಸರಿಗೆ ಕಾರು ವರ್ಗವಾಗಬೇಕು. ಮಕ್ಕಳಲ್ಲಿ ಒಬ್ಬರು ಮಾರಿ ಇನ್ನೊಬ್ಬರು ತಕರಾರು ತೆಗೆದರೆ ಜಮೀನಿನ ವ್ಯಾಜ್ಯದಂತೆ ಇದೂ ಎಳೆಯುತ್ತದೆ.

2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, 50 ವರ್ಷ ಮೀರಿದ ವಾಹನಗಳಿಗೆ ‘ವಿಂಟೇಜ್’ ನೋಂದಣಿ ಕಲ್ಪಿಸಿತು. ನಂಬರಿನಲ್ಲಿ ‘ವಿಎ’ ಅಕ್ಷರಗಳು, ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, 10 ವರ್ಷದ ಅವಧಿ. ಆದರೆ ಇಂಥ ಕಾರನ್ನು ಪ್ರದರ್ಶನ, ರ‍್ಯಾಲಿ, ದುರಸ್ತಿಯಂಥ ಕೆಲಸಕ್ಕೆ ಬಿಟ್ಟು ನಿತ್ಯ ರಸ್ತೆಗೆ ಇಳಿಸುವಂತಿಲ್ಲ. ಇನ್ನೂ ಮುಖ್ಯವಾದದ್ದು, ಚಾಸಿ, ಬಾಡಿ, ಎಂಜಿನ್ನುಗಳನ್ನು ಗಣನೀಯವಾಗಿ ಮಾರ್ಪಡಿಸಿದ ವಾಹನಕ್ಕೆ ಈ ಮಾನ್ಯತೆ ಇಲ್ಲ. ಹಳೆಯ ಬಾಡಿಗೆ ಹೊಸ ಡೀಸೆಲ್ ಎಂಜಿನ್ ಕೂರಿಸಿದ ಕಾರು ಓಡಬಹುದು, ಆದರೆ ವಿಂಟೇಜ್ ಆಗದು.

ಎಷ್ಟು ಹೊಸದು ಮಾಡಬೇಕು?

ಇಲ್ಲಿಗೆ ಗುಡಿಯ ವಾದ ಮತ್ತೆ ಬರುತ್ತದೆ. ಒಂದು ಕಾಲಕ್ಕೆ ಕನ್ನಡಿಯಂತೆ ಹೊಳೆಯುವ ಕಾರಿಗೇ ಬಹುಮಾನ. ಈಗ ಅಭಿರುಚಿ ಬದಲಾಗಿದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫಿವಾ 2013ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದು, ಹಳೆಯ ಕಾರಿನ ಮೂಲ ವಸ್ತುವನ್ನು ಸಾಧ್ಯವಾದಷ್ಟು ಉಳಿಸಬೇಕೆನ್ನುತ್ತದೆ. ಮೂಲ ಬಣ್ಣ ಮಾಸಿದ್ದರೂ ಅದು ದಾಖಲೆ. ಕೆರೆದು ಹೊಸ ಬಣ್ಣ ಹೊಡೆದರೆ ದಾಖಲೆ ಹೋಯಿತು, ಮತ್ತೆ ಬಾರದು.

ಈ ಮಾತು ಜೇಬಿಗೂ ಒಳ್ಳೆಯದು. ಟಿಂಕರಿಂಗ್, ಪೇಂಟಿಂಗ್, ಕ್ರೋಮ್, ಕುಷನ್ ಕೆಲಸಗಳೇ ಹೆಚ್ಚು ಹಣ ನುಂಗುವವು. ಬ್ರೇಕು, ಸ್ಟಿಯರಿಂಗು, ಟೈರು, ವೈರಿಂಗುಗಳಿಗೆ ಮೊದಲು ಖರ್ಚುಮಾಡಿ ಕಾರನ್ನು ಸುರಕ್ಷಿತಗೊಳಿಸಿ, ಉಳಿದದ್ದನ್ನು ಶುಚಿಮಾಡಿ ಇಟ್ಟುಕೊಂಡರೆ ಅರ್ಧ ಭಾರ ಇಳಿಯಿತು. ಹಳೆಯ ಕಾರಿನ ಸಂಗ್ರಹ ಹೇಗಿರುತ್ತದೆಂದು ನೋಡಬೇಕಾದವರು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯಕ್ಕೆ ಹೋಗಿಬರಬಹುದು.

ಕೊನೆಗೆ ಉಳಿಯುವುದು ಕೈಗಳ ಪ್ರಶ್ನೆ. ಕಾರ್ಬ್ಯುರೇಟರನ್ನು ಕಿವಿಯಿಂದ ಕೇಳಿ ಹೊಂದಿಸುವ, ಸುತ್ತಿಗೆಯಿಂದ ತಗಡು ಮಣಿಸುವ ಮೇಸ್ತ್ರಿಗಳು ವಯಸ್ಸಾದವರು. ಅವರ ಬಳಿ ಕಲಿಯುವ ಹುಡುಗರು ಕಡಿಮೆ. ಆದ್ದರಿಂದ ಕಾರು ಹುಡುಕುವ ಮೊದಲು ಮೇಸ್ತ್ರಿಯನ್ನು ಹುಡುಕಿ, ಕಾರು ನೋಡಲು ಅವರನ್ನೇ ಕರೆದುಕೊಂಡು ಹೋಗಿ. ಕಾಗದ ಸರಿಯಿದ್ದು, ಬಾಡಿ ಗಟ್ಟಿಯಿದ್ದು, ಭಾಗಗಳೆಲ್ಲ ಇದ್ದು, ಕಳೆದುಕೊಂಡರೂ ಮನೆ ನಡೆಯುವಷ್ಟು ಹಣ ಮಾತ್ರ ತೊಡಗಿಸುವುದಾದರೆ ಧಾರಾಳವಾಗಿ ಕೊಳ್ಳಿ. ಲಾಭಕ್ಕೆ ಮಾರುವ ಲೆಕ್ಕವಿದ್ದರೆ ಬೇಡ. ಸಾಲ ಮಾಡಬೇಕಾದರಂತೂ ಟಾರ್ಪಾಲನ್ನು ಹಾಗೇ ಮುಚ್ಚಿ ಬರುವುದೇ ಲೇಸು.