ಟೇಲರ್ ಸಾಹೇಬ, ಸುರಪುರದ ಜಾತಕ

ಹೈದರಾಬಾದಿನ ಕೋಠಿಯ ಬಸ್ಸುಗಳ ಗದ್ದಲ ದಾಟಿ ಮಹಿಳಾ ವಿಶ್ವವಿದ್ಯಾಲಯದ ಆವರಣ ಹೊಕ್ಕರೆ ಎದುರಿಗೇ ಹಳೆಯ ಬ್ರಿಟಿಷ್ ರೆಸಿಡೆನ್ಸಿ. ಆರು ಎತ್ತರದ ಕಂಬಗಳು, ಮೆಟ್ಟಿಲ ಇಕ್ಕೆಲದಲ್ಲಿ ಸಿಂಹಗಳು. ಇಲ್ಲಿನ ರೆಸಿಡೆಂಟ್ ಕರ್ಕ್‌ಪ್ಯಾಟ್ರಿಕ್ ಮತ್ತು ಖೈರುನ್ನೀಸಾರ ಪ್ರೇಮಕಥೆ ಎಲ್ಲರಿಗೂ ಗೊತ್ತು. ನಾನು ಅರಸಿ ಹೋದದ್ದು ಸುರಪುರದ ನಂಟನ್ನು. ದರ್ಬಾರು ಹಾಲಿನಲ್ಲಿ ನಿಂತಾಗ ಮೈ ಜುಮ್ಮೆಂದಿತು: ನಮ್ಮ ಸುರಪುರದ ಬೇಡರ ಸೀಮೆಯ ಹಣೆಬರಹ ಬರೆದದ್ದು ಈ ಮನೆಯವರೇ!

ಈ ನಂಟಿನ ನಡುವೆ ನಿಂತ ಫಿಲಿಪ್ ಮೆಡೋಸ್ ಟೇಲರ್ 1808ರಲ್ಲಿ ಲಿವರ್‌ಪೂಲಿನಲ್ಲಿ ಹುಟ್ಟಿದವ. ಹದಿನೈದರ ಹುಡುಗನನ್ನು ಮನೆಯವರು ಬೊಂಬಾಯಿಯ ವರ್ತಕನೊಬ್ಬನ ಬಳಿ ವ್ಯಾಪಾರಕ್ಕೆ ಕಳುಹಿಸಿದರು. 1824ರಲ್ಲಿ ಬಂದಿಳಿದು ನೋಡಿದರೆ ಆ ಅಂಗಡಿ ದಿವಾಳಿಯ ಅಂಚಿನಲ್ಲಿತ್ತು. ಹುಡುಗ ನಿಜಾಮನ ಸೇನೆ ಸೇರಿದ. 1832ರಲ್ಲಿ ಮೇರಿ ಪಾಮರ್‌ಳನ್ನು ಮದುವೆಯಾದ. ಮಾವ ವಿಲಿಯಂ ಪಾಮರ್, ನಿಜಾಮನಿಗೇ ಸಾಲ ಕೊಟ್ಟು ಕೊನೆಗೆ ಮುಳುಗಿದ ಲೇವಾದೇವಿಗಾರ. ಅಳಿಯನಿಗೆ ಲೇಖನಿಯೂ ಒಲಿದಿತ್ತು: ಠಕ್ಕರ ಕುರಿತ ಅವನ ಕಾದಂಬರಿ 1839ರಲ್ಲಿ ಬಂತು. 1841ರಿಂದ 1853ರವರೆಗೆ, ಬಾಲರಾಜ ವೆಂಕಟಪ್ಪ ನಾಯಕ ದೊಡ್ಡವನಾಗುವ ತನಕ, ಸುರಪುರದ ಆಡಳಿತ ಅವನ ಕೈಯಲ್ಲಿತ್ತು. ಅವನು ಕಟ್ಟಿಸಿದ ಟೇಲರ್ ಮಂಜಿಲ್ ಅಲ್ಲಿನ ಗುಡ್ಡದ ಮೇಲೆ ಈಗಲೂ ಇದೆ.

1857ರ ಜುಲೈ 17ರಂದು ದಂಗೆಯ ಮುಂದಾಳುಗಳಾದ ತುರ್ರೇಬಾಜ್ ಖಾನ್, ಮೌಲ್ವಿ ಅಲಾವುದ್ದೀನ್ ಇದೇ ರೆಸಿಡೆನ್ಸಿಗೆ ಮುತ್ತಿಗೆ ಹಾಕಿದರು. ಆ ವರ್ಷ ಟೇಲರ್‌ನನ್ನು ಬೇರಾರ್ ಪ್ರಾಂತಕ್ಕೆ ಅಟ್ಟಲಾಯಿತು. ಹೆಚ್ಚು ಸೇನೆಯಿಲ್ಲದೆಯೇ ಆ ಸೀಮೆಯನ್ನು ತಣ್ಣಗಿಟ್ಟ. 1858ರಲ್ಲಿ ಸುರಪುರ ದಂಗೆ ಎದ್ದಿತು. ರಾಜ ಸೆರೆಯಾದ.

ನನ್ನನ್ನು ಬಿಡದೆ ಕಾಡುವುದು ಆ ರಾಜನ ಜಾತಕ. ಅರಸ ಇಪ್ಪತ್ನಾಲ್ಕನೆಯ ವರ್ಷ ದಾಟುವುದಿಲ್ಲವೆಂದು ಜೋಯಿಸರು ಮೊದಲೇ ಗುಟ್ಟಾಗಿ ಹೇಳಿದ್ದರೆಂದು ಟೇಲರ್ ಆತ್ಮಕಥೆಯಲ್ಲಿ ಬರೆಯುತ್ತಾನೆ. ಸಿಕಂದರಾಬಾದಿನ ಸೆರೆಯಲ್ಲಿ ಭೇಟಿಯಾದಾಗ ರಾಜ, ಕಳ್ಳನಂತೆ ನೇಣಿಗೇರಿಸಬೇಡಿ, ತೋಪಿನ ಬಾಯಿಗೆ ಕಟ್ಟಿ ಎಂದನಂತೆ. ಮರಣದಂಡನೆ ಕೊನೆಗೆ ನಾಲ್ಕು ವರ್ಷದ ಕೈದಿಗೆ ಇಳಿಯಿತು. ಜೋಯಿಸರು ಸೋತರೆಂದುಕೊಳ್ಳುವಷ್ಟರಲ್ಲಿ, ಸೆರೆವಾಸಕ್ಕೆಂದು ಚೆಂಗಲ್ಪಟ್ಟಿಗೆ ಹೋಗುವ ದಾರಿಯಲ್ಲಿ, ಕಾವಲಿನ ಅಧಿಕಾರಿಯ ಪಿಸ್ತೂಲಿನ ಗುಂಡಿಗೆ ರಾಜ ಸತ್ತ. ತಾನೇ ಹೊಡೆದುಕೊಂಡನೆಂದು ಸರಕಾರಿ ಕಥೆ. ಸುರಪುರದವರಲ್ಲಿ ಅದನ್ನು ಒಪ್ಪದವರಿದ್ದಾರೆ. ನನ್ನ ಮನಸ್ಸೂ ಅವರ ಕಡೆಗೇ ವಾಲುತ್ತದೆ. ರಾಜ ತನ್ನನ್ನು 'ಅಪ್ಪಾ' ಎನ್ನುತ್ತಿದ್ದನೆಂದು ಹೇಳಿದವನೂ ಟೇಲರೇ, ಜಾತಕ ನಿಜವಾಯಿತೆಂದವನೂ ಟೇಲರೇ. ಕಾದಂಬರಿಕಾರನ ಸಾಕ್ಷ್ಯವನ್ನು ತುಸು ಅನುಮಾನದಿಂದಲೇ ಓದಬೇಕು. ಆದರೂ ಆ ಮನುಷ್ಯ ಸುರಪುರವನ್ನು ಪ್ರೀತಿಸಿದ್ದು ಸುಳ್ಳೆನ್ನಲಾರೆ.

ಟೇಲರ್ 1876ರಲ್ಲಿ ತೀರಿಕೊಂಡ. ಆತ್ಮಕಥೆ ಮರುವರ್ಷ ಅಚ್ಚಾಯಿತು. ಸುರಪುರವನ್ನಂತೂ ಬ್ರಿಟಿಷರು 1860ರಲ್ಲೇ, ದಂಗೆಯ ಕಾಲದ ನಿಷ್ಠೆಗೆ ಬಹುಮಾನವಾಗಿ, ನಿಜಾಮನಿಗೆ ಕೊಟ್ಟುಬಿಟ್ಟಿದ್ದರು.