ಆರು ಹಗಲು, ಆರು ರಾತ್ರಿಯ ಸೈಕಲ್ ಪಂದ್ಯ

ಊರ ಬಯಲಿನಲ್ಲಿ ಕಂಬ ನೆಟ್ಟು, ಧ್ವನಿವರ್ಧಕ ಕಟ್ಟಿ, ದಿನಗಟ್ಟಲೆ ಸೈಕಲ್ಲಿನಿಂದ ಕೆಳಗಿಳಿಯದೆ ಸುತ್ತು ಹಾಕುತ್ತಿದ್ದ ಸಾಹಸಿಯ ನೆನಪು ಹಿರಿಯ ವಾಚಕರಲ್ಲಿ ಹಲವರಿಗೆ ಉಳಿದಿರಬಹುದು. ಊಟ, ಸ್ನಾನ ಎಲ್ಲವೂ ಸೈಕಲ್ಲಿನ ಮೇಲೆಯೇ. ಕೊನೆಯ ದಿನ ಊರವರಿಂದ ನೋಟಿನ ಹಾರ. ಇಂಥದೇ ಒಂದು ಹುಚ್ಚು ಪಶ್ಚಿಮ ದೇಶಗಳಲ್ಲಿ ಸೂರಿನಡಿಯ ಪಂದ್ಯವಾಗಿ ಬೆಳೆದ ಬಗೆ ಕುತೂಹಲಕರವಾದುದು. ಆರೋಗ್ಯದ ದೃಷ್ಟಿಯಿಂದ ನೋಡಿದರೆ ಭಯಾನಕವೂ ಹೌದು.

1878ರ ಫೆಬ್ರವರಿಯಲ್ಲಿ ಲಂಡನ್ನಿನ ಅಗ್ರಿಕಲ್ಚರಲ್ ಹಾಲಿನಲ್ಲಿ ಡೇವಿಡ್ ಸ್ಟಾಂಟನ್ ಎಂಬಾತನು ಆರು ದಿನಗಳಲ್ಲಿ 1,000 ಮೈಲಿ ಕ್ರಮಿಸುವೆನೆಂದು ಪಣ ಕಟ್ಟಿ ಗೆದ್ದನು. ಮುಂದೆ ಆಳೆತ್ತರದ ಚಕ್ರ, ಹಿಂದೆ ಪುಟ್ಟದೊಂದು ಚಕ್ರ, ಹೀಗಿತ್ತು ಅಂದಿನ ಸೈಕಲ್. ಆರೇ ದಿನವೇಕೆ? ಭಾನುವಾರ ಪ್ರಾರ್ಥನೆಯ ದಿನ, ಅಂದು ಪಂದ್ಯ ಸಲ್ಲದು!

1891ರಲ್ಲಿ ಈ ಪಂದ್ಯ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ ಸಭಾಂಗಣವನ್ನು ಸೇರಿತು. ಸವಾರನು ಎಷ್ಟು ಹೊತ್ತು ಮಲಗಬೇಕೆಂಬುದು ಅವನ ಇಚ್ಛೆಗೆ ಬಿಟ್ಟದ್ದು. ಆದರೆ ಮಲಗಿದವನು ಹಿಂದುಳಿದನೆಂದೇ ಅರ್ಥ. 1896ರಲ್ಲಿ ಹದಿನೆಂಟರ ಹರೆಯದ ಕಪ್ಪು ಜನಾಂಗದ ಮೇಜರ್ ಟೇಲರ್ 1,732 ಮೈಲಿ ಓಡಿಸಿ ಎಂಟನೆಯವನಾದನು. ಮರುವರ್ಷ ಚಾರ್ಲ್ಸ್ ಮಿಲ್ಲರ್ 2,093 ಮೈಲಿಗಳನ್ನು ಮುಟ್ಟಿದನು. ಇದು ಸುಮಾರು 3,370 ಕಿಲೋಮೀಟರು. ಕಾಲುಗಳಿಗಿಂತ ಮೊದಲು ಸೋಲುತ್ತಿದ್ದುದು ಮಿದುಳು. ನಿದ್ರೆ ತಪ್ಪಿದಾಗ ಗಮನ ಚದುರುತ್ತದೆ. ಕಣ್ಣು ತೆರೆದಿದ್ದರೂ ಕೆಲ ಕ್ಷಣ ಎಚ್ಚರ ಜಾರುತ್ತದೆ. ಇನ್ನೂ ಕಾಡಿದರೆ ಇಲ್ಲದ ವಸ್ತುಗಳು ಕಾಣತೊಡಗುತ್ತವೆ. ಸವಾರರಿಗೆ ಇಂಥ ಭ್ರಮೆಗಳು ಕವಿಯುತ್ತಿದ್ದವು, ಅವರನ್ನು ಎಚ್ಚರವಾಗಿಡಲು ಉತ್ತೇಜಕ ಔಷಧಗಳೂ ಬರುತ್ತಿದ್ದವು. ಟಿಕೀಟು ಕೊಂಡ ಜನ ಕುಳಿತು ನೋಡುತ್ತಿದ್ದುದು ಆಟವನ್ನೋ, ಸಂಕಟವನ್ನೋ ಹೇಳುವುದು ಕಷ್ಟ.

ಪತ್ರಿಕೆಗಳು ಛೀಮಾರಿ ಹಾಕಿದವು. 1898ರಲ್ಲಿ ನ್ಯೂಯಾರ್ಕ್ ಮತ್ತು ಇಲಿನಾಯ್ ಸಂಸ್ಥಾನಗಳು, ಒಬ್ಬನು ದಿನಕ್ಕೆ 12 ಗಂಟೆಗಿಂತ ಹೆಚ್ಚು ಸವಾರಿ ಮಾಡಬಾರದೆಂದು ವಿಧಿಸಿದವು. ವ್ಯವಸ್ಥಾಪಕರು ಜಾಣರು. ಇಬ್ಬರನ್ನು ಜೋಡಿ ಮಾಡಿ, ಒಬ್ಬನು ತುಳಿಯುವಾಗ ಇನ್ನೊಬ್ಬನು ವಿಶ್ರಮಿಸುವ ಏರ್ಪಾಡು ಹೂಡಿದರು. ಪಂದ್ಯ ನಿಲ್ಲಲಿಲ್ಲ, ನಿದ್ರೆಯೂ ದೊರೆಯಿತು. ಸಭಾಂಗಣದ ಹೆಸರಿನಿಂದಲೇ ಇದು 'ಮ್ಯಾಡಿಸನ್' ಎನಿಸಿ, 2000ದಲ್ಲಿ ಒಲಿಂಪಿಕ್ಸ್ ಅನ್ನೂ ಪ್ರವೇಶಿಸಿತು. 1922ರಲ್ಲಿ ಆರಂಭವಾದ ಬೆಲ್ಜಿಯಂನ ಗೆಂಟ್ ನಗರದ ಆರು ದಿನಗಳ ಪಂದ್ಯ ಇಂದಿಗೂ ನಡೆಯುತ್ತದೆ, ಆದರೆ ಸಂಜೆ ಮತ್ತು ರಾತ್ರಿಯ ಕೆಲವು ಗಂಟೆಗಳು ಮಾತ್ರ.

ನಮ್ಮ ದೇಶದಲ್ಲಿ 2010ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕಾಗಿ ದೆಹಲಿಯಲ್ಲಿ ಒಳಾಂಗಣ ಸೈಕಲ್ ಪಥ ಸಿದ್ಧವಾಯಿತು. ಜೋಡಿ ಸವಾರಿಯ ಉಪಾಯವಾದರೋ ಮುಂಬಯಿ ಕನ್ನಡಿಗರಿಗೆ ಹತ್ತಿರದ ನೆಲಕ್ಕೇ ಕೀರ್ತಿ ತಂದಿದೆ. ಲಾಸಲಗಾಂವ್ ಎಂದೊಡನೆ ಈರುಳ್ಳಿಯೊಂದೇ ನೆನಪಾಗುವ ನಾಸಿಕ ಜಿಲ್ಲೆಯ ವೈದ್ಯ ಸೋದರರಾದ ಹಿತೇಂದ್ರ ಮತ್ತು ಮಹೇಂದ್ರ ಮಹಾಜನ್ 2015ರಲ್ಲಿ ಅಮೆರಿಕವನ್ನು ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿನವರೆಗೆ ಅಡ್ಡಹಾಯುವ 'ರೇಸ್ ಅಕ್ರಾಸ್ ಅಮೆರಿಕ' ಪಂದ್ಯದಲ್ಲಿ ಇಬ್ಬರ ತಂಡವಾಗಿ ಇಳಿದರು. ಸುಮಾರು 4,800 ಕಿಲೋಮೀಟರುಗಳ ಬಯಲು ಹಾದಿಯನ್ನು ಸರದಿಯ ಮೇಲೆ ತುಳಿದು, ಒಂಬತ್ತು ದಿನಗಳೊಳಗೆ ಮುಗಿಸಿದರು.